ಬಸ್ ಸ್ಟ್ಯಾಂಡಿನಲ್ಲಿ ಮಾತಾಡಿಸಬಾರದವರು

ಆಕೆಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಆಕೆಗೆ ಇನ್ನು ಆಗಬೇಕಾದ್ದು ಏನೂ ಇಲ್ಲ. ಹೋದ ತಿಂಗಳು ಹೊಳೆನರಸೀಪುರದಲ್ಲಿ ತೀರಿಕೊಂಡರು. ಆದರೆ ಬಸ್ಸಿನಲ್ಲಿ ಆಕೆಯ ಪಕ್ಕ ಕೂತವರು, ಸಂತೆಯಲ್ಲಿ ಸೊಪ್ಪು ಆರಿಸುತ್ತ ಆಕೆಯೊಡನೆ ಎರಡು ಮಾತಾಡಿದವರು ಇನ್ನೂ ಬದುಕಿದ್ದಾರೆ. ಒಂದು ಹೆಸರು ಸಿಕ್ಕಿದರೆ ಅದರ ಹಿಂದೆ ಹತ್ತು ಹೆಸರು ಹುಡುಕುವ ಜನಕ್ಕೆ ನಮ್ಮ ಕಡೆ ಕೊರತೆಯಿಲ್ಲ.

ಕುಳ್ಳಗಿನ ಹೆಂಗಸು. ಮಳೆ ಇರಲಿ ಬಿಡಲಿ ಕೈಯಲ್ಲಿ ಒಂದು ಕಪ್ಪು ಕೊಡೆ. ಬಸ್ಸಿನ ಟಿಕೆಟ್ಟನ್ನು ಮಡಿಸಿ ಗಡಿಯಾರದ ಪಟ್ಟಿಯ ಕೆಳಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಯಾರಾದರೂ ಏನಾದರೂ ಕೇಳಿದರೆ ತಕ್ಷಣ ಉತ್ತರ ಹೇಳುತ್ತಿರಲಿಲ್ಲ. ಮೊದಲು ಕೊಡೆಯ ಹಿಡಿಯನ್ನು ಎರಡು ಸಲ ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೆ ಬರುತ್ತಿದ್ದ ಉತ್ತರ ಅನೇಕ ಸಲ ಒಂದೇ: "ನಂಗೊತ್ತಿಲ್ಲ ಸಾ."

ನಾನು ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಐದು ಗಂಟೆಗೆ ಏಳುತ್ತೇನೆ, ಐದೂವರೆಗೆ ನಡೆಯಲು ಹೊರಡುತ್ತೇನೆ, ಏಳಕ್ಕೆ ಕಾಫಿ, ಒಂಬತ್ತಕ್ಕೆ ಊಟ. ಹಾಸನದ ಈ ಮನೆಯಲ್ಲಿ ನಾನೊಬ್ಬನೇ ಆದ ಮೇಲೂ ಈ ಕ್ರಮ ಬದಲಾಗಿಲ್ಲ. ಒಬ್ಬನೇ ಆದ ಮೇಲೆ ಇನ್ನೂ ಬಿಗಿಯಾಗಿದೆ. ಗೊತ್ತಿಲ್ಲ ಎನ್ನುವ ಉತ್ತರವನ್ನು ತರಗತಿಯಲ್ಲಿ ನಾನು ಎಂದೂ ಒಪ್ಪಿಕೊಂಡವನಲ್ಲ. ಆದ್ದರಿಂದ ಮೊದಲ ದಿನವೇ ಆಕೆ ನನಗೆ ಹಿಡಿಸಲಿಲ್ಲ.

ಆ ಮೊದಲ ದಿನ ಬಂದದ್ದು ಹೀಗೆ. ಚನ್ನರಾಯಪಟ್ಟಣದ ಒಬ್ಬ ತೆಂಗಿನಕಾಯಿ ವ್ಯಾಪಾರಿ ನಾಲ್ಕಾರು ಜನರನ್ನು ಸೇರಿಸಿಕೊಂಡು ಒಂದು ಟ್ರಸ್ಟು ನಡೆಸುತ್ತಿದ್ದರು. ಮನೆಯಲ್ಲಿ ಹೊಡೆತ ತಿನ್ನುವ ಹೆಂಗಸರು, ಗಂಡ ಬಿಟ್ಟುಹೋದವರು, ಮಕ್ಕಳನ್ನು ಕಟ್ಟಿಕೊಂಡು ದಾರಿ ಕಾಣದವರು, ಇಂಥ ಕುಟುಂಬಗಳಿಗೆ ನೆರವಾಗುವ ಕೇಂದ್ರ. ಕೆಲಸ ಮಾಡುತ್ತಿದ್ದವರು ಆಕೆಯೊಬ್ಬರೇ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಹಾಸನ ಎಲ್ಲ ಕಡೆಗೂ ಬಸ್ಸಿನಲ್ಲಿ ಅವರೇ ತಿರುಗುತ್ತಿದ್ದರು. ಹಣ ಕೊಡುತ್ತಿದ್ದ ದೂರದ ಸಂಸ್ಥೆಯೊಂದು ಕಾಗದ ಬರೆದಿತ್ತು: ನಿಮ್ಮ ಕೆಲಸ ಉತ್ತರದಾಯಿಯೇ, ಪಾರದರ್ಶಕವೇ ಎಂದು ಹೊರಗಿನವರೊಬ್ಬರಿಂದ ಮೌಲ್ಯಮಾಪನ ಮಾಡಿಸಿ ಕಳಿಸಿ, ವರದಿ ಬಾರದಿದ್ದರೆ ಮುಂದಿನ ವರ್ಷದಿಂದ ನೆರವಿಲ್ಲ.

ಟ್ರಸ್ಟಿನ ಅಧ್ಯಕ್ಷರಾದ ಆ ವ್ಯಾಪಾರಿಯೇ ಎಳನೀರಿನ ಗೊನೆ ಸಮೇತ ನನ್ನ ಮನೆಗೆ ಬಂದರು.

"ಮೇಷ್ಟ್ರೇ, ನಿಮ್ಮಂಥ ಶಿಸ್ತಿನೋರು ಜಿಲ್ಲೇಲಿ ಇನ್ನೊಬ್ರಿಲ್ಲ. ನೀವು ಸೈ ಅಂದ್ರೆ ಸೈ. ಇಲ್ಲದಿದ್ರೆ ಆ ಯಮ್ಮನ ಕೇಂದ್ರ ಮುಚ್ಬೇಕಾಯ್ತದೆ."

"ಎಳನೀರು ತೆಗೆದುಕೊಂಡು ಹೋಗಿ. ನಾಡಿದ್ದು ಹತ್ತು ಗಂಟೆಗೆ ಕಚೇರಿಯಲ್ಲಿ ಇರುತ್ತೇನೆ" ಎಂದೆ.

ಕಚೇರಿ ಹೊಳೆನರಸೀಪುರದ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲೆ ಇತ್ತು. ಬೋರ್ಡಿಲ್ಲ. ಮೆಟ್ಟಿಲ ಮೇಲೆ ಹಿಟ್ಟಿನ ಧೂಳು, ಕಿವಿಗಡಚಿಕ್ಕುವ ಸದ್ದು. ನೋಟ್‌ಬುಕ್ ತೆಗೆದು ಮೊದಲ ಸಾಲು ಬರೆದುಕೊಂಡೆ: 'ಕಚೇರಿಗೆ ತಕ್ಕ ಸ್ಥಳವಲ್ಲ. ಮುಖ್ಯರಸ್ತೆಗೆ ಬದಲಾಯಿಸಿ ಫಲಕ ಹಾಕಿಸುವುದು.' ನನ್ನ ಅಕ್ಷರ ದುಂಡಗೆ, ಅಚ್ಚು ಹಾಕಿದ ಹಾಗೆ ಇರುತ್ತದೆ. ಅಕ್ಷರ ತಿದ್ದಿಸುವುದರಲ್ಲಿ ನನಗೆ ಹೆಸರಿತ್ತು.

ಒಳಗೆ ಒಂದು ಮೇಜು, ಒಂದು ಹೊಲಿಗೆ ಯಂತ್ರ, ಗೋಡೆಯ ಮೇಲೆ ಬುದ್ಧನ ಪಟ. ಫಲಾನುಭವಿಗಳ ಪಟ್ಟಿ ಎಲ್ಲಿ ಎಂದೆ. ಪಂಚಾಯಿತಿ ಕಚೇರಿಯ ಗೋಡೆಯ ಮೇಲೂ ಯಾರಿಗೆ ಮನೆ ಬಂತು, ಯಾರಿಗೆ ಪಿಂಚಣಿ ಬಂತು ಎಂದು ಬರೆದಿರುತ್ತದೆ. ಪಾರದರ್ಶಕತೆ ಎಂದರೆ ನನ್ನ ಲೆಕ್ಕದಲ್ಲಿ ಅದೇ. ಆಕೆ ಒಂದು ದಪ್ಪ ಪುಸ್ತಕ ಮುಂದಿಟ್ಟರು. ತೆರೆದು ನೋಡಿದರೆ ಒಂದೂ ಹೆಸರಿಲ್ಲ. ಹಸಿರು ಗೇಟು. ಜೋಡಿ ತೆಂಗು. ಕುಂಟ ಎಮ್ಮೆ. ಮುರಿದ ಜಗಲಿ.

"ಏನ್ರಮ್ಮ ಇದು? ದಾಖಲೆಯಲ್ಲಿ ಎಮ್ಮೆ ಬರೆದಿದ್ದೀರಿ!"

ಕೊಡೆ ಎರಡು ಸಲ ಒರೆಸಿದರು. "ಎಮ್ಮೆ ಯಾರ್ಗೂ ಗುಟ್ಟು ಏಳಾಕಿಲ್ಲ ಸಾ."

"ಇವೆಲ್ಲ ನೀವೇ ಕಲ್ಪಿಸಿಕೊಂಡದ್ದು ಅಂತ ನಾನು ವರದಿ ಬರೆದರೆ?"

"ಬರೀರಿ. ನೀವು ಕಂಡಿದ್ದು ಅಷ್ಟೇ ತಾನೆ."

ಅಷ್ಟರಲ್ಲಿ ಕೆಳಗಿನಿಂದ ಒಬ್ಬ ಹೆಂಗಸು ಬಾಗಿಲವರೆಗೆ ಬಂದಳು, ನನ್ನನ್ನು ಕಂಡಳು, "ನಮ್ ರಾಗಿ ಬೀಸಾಯ್ತಾ ಅಂತ ಕೇಳಕ್ ಬಂದೆ ಕಣಕ್ಕ" ಎಂದು ತಿರುಗಿ ಇಳಿದುಹೋದಳು. ಗಿರಣಿ ಕೆಳಗಿದೆ, ಇವಳು ಮೇಲೆ ಬಂದು ಏಕೆ ಕೇಳಿದಳು ಎಂದು ಯೋಚಿಸುವಷ್ಟು ತಿಳಿವಳಿಕೆ ನನಗೆ ಆಗ ಇರಲಿಲ್ಲ. ರಾಗಿ ಡಬ್ಬ ಹಿಡಿದು ಬಂದವರು ಬೀಸಿಸಲು ಬಂದರೋ ಮೆಟ್ಟಿಲು ಹತ್ತಲು ಬಂದರೋ ಯಾರಿಗೂ ಗೊತ್ತಾಗಬಾರದೆಂದೇ ಆಕೆ ಆ ಧೂಳಿನ ಜಾಗ ಹಿಡಿದಿದ್ದರು.

ಹೀಗೆ ಪ್ರತಿಯೊಂದಕ್ಕೂ ಆಕೆಗೆ ಒಂದು ಕಟ್ಟಳೆ ಇತ್ತು. ಕಟ್ಟಳೆಯ ವಿಷಯದಲ್ಲಿ ಆಕೆ ನನಗಿಂತ ಬಿಗಿ ಎಂದು ತಿಳಿಯಲು ನನಗೆ ವಾರ ಹಿಡಿಯಿತು. ಆ ವಾರ ನಾವಿಬ್ಬರೂ ಬಸ್ಸಿನಲ್ಲಿ ತಿರುಗಿದೆವು. ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ ಮಗು ಎತ್ತಿಕೊಂಡು ನಮ್ಮ ಎದುರೇ ಹಾದುಹೋದಳು. ಇವರು ಬಸ್ಸಿನ ಬೋರ್ಡು ಓದುತ್ತ ನಿಂತರು.

"ನಮ್ಮೋರೇ" ಎಂದರು, ಮಗುವಿನ ತಾಯಿ ಹೋದ ಮೇಲೆ. "ಬಸ್ ಸ್ಟ್ಯಾಂಡಲ್ಲಿ ನಾವಾಗಿ ಮಾತಾಡಿಸ್ಬಾರ್ದು ಸಾ. ಅವ್ರು ಮಾತಾಡ್ಸುದ್ರೆ ಮಾತಾಡಣ. ಇಲ್ದಿದ್ರೆ ಬೋರ್ಡ್ ನೋಡ್ಕಂಡ್ ನಿಂತ್ಕಬೇಕು. ಮುಖ ನೋಡಬಾರ್ದು."

"ಅವರೂ ಮಾತಾಡಿಸದಿದ್ದರೆ?"

"ಚೆನ್ನಾಗವ್ರೆ ಅಂತ ಅಂದ್ಕಳದು."

ಆ ಪುಸ್ತಕದ ಇನ್ನೊಂದು ಗುಣವನ್ನೂ ಹೇಳಬೇಕು. ಪ್ರತಿ ಗುರುತಿನ ಮುಂದೆ ವರ್ಷಕ್ಕೊಂದು ಸಾಲು ಇತ್ತು. ನೆರವು ಕೊಟ್ಟು ಮುಗಿದ ಮೇಲೂ ಆಕೆ ವರ್ಷಕ್ಕೊಮ್ಮೆ ಆ ಮನೆಯ ಕಡೆ ಹೋಗಿ, ಸಿಕ್ಕರೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತಿದ್ದರು. ಹೊಗಳಿಕೆ ಕಮ್ಮಿ. 'ನೀನು ಬಂದಿದ್ದಕ್ಕೇ ಇನ್ನೂ ಕೆಟ್ಟೋಯ್ತು ಅಂದ್ಲು.' 'ಬಾಗಿಲು ತೆಗೀಲಿಲ್ಲ.' ಕೆಲವು ಸಾಲಿನ ಕೊನೆಯಲ್ಲಿ ಕೆಂಪು ಶಾಯಿ: 'ನನ್ನ ತಪ್ಪು. ಅವರ ಅಣ್ಣನಿಗೆ ಬೇಗ ಹೇಳಿದೆ.' ಟ್ರಸ್ಟಿನ ಅಚ್ಚಾದ ವಾರ್ಷಿಕ ವರದಿಯಲ್ಲಿ ಎಲ್ಲ ಸಂಸಾರಗಳೂ ಒಂದಾಗಿದ್ದವು. ಈ ಪುಸ್ತಕದಲ್ಲಿ ಅರ್ಧಕ್ಕರ್ಧ ಒಂದಾಗಿರಲಿಲ್ಲ. ಕೆಂಪು ಶಾಯಿಯಲ್ಲಿ ಹುಡುಗರ ತಪ್ಪು ಗುರುತಿಸಿದವನು ನಾನು. ಸ್ವಂತ ತಪ್ಪಿಗೆ ಕೆಂಪು ಶಾಯಿ ಬಳಸಿದವರನ್ನು ನೋಡಿರಲಿಲ್ಲ.

ಆದರೂ ನನಗೆ ಒಂದು ಮನೆಯನ್ನಾದರೂ ಕಣ್ಣಾರೆ ನೋಡಬೇಕಿತ್ತು. ನೋಡದೆ ಸಹಿ ಹಾಕುವವನಲ್ಲ ಎಂದೆ. ಆಕೆ ಎರಡು ದಿನ ಉತ್ತರ ಹೇಳಲಿಲ್ಲ. ಕೇಂದ್ರ ಮುಚ್ಚಿದರೆ ಆ ಪುಸ್ತಕದವರೆಲ್ಲ ಎಲ್ಲಿಗೆ ಹೋಗಬೇಕು ಎಂದು ಯೋಚಿಸಿರಬೇಕು. ಮೂರನೆಯ ದಿನ ಒಂದು ಚೀಟಿಯಲ್ಲಿ ಒಂದೇ ಒಂದು ಹೆಸರು, ವಿಳಾಸ ಬರೆದುಕೊಟ್ಟರು. ಕೊಣನೂರಿನ ಹತ್ತಿರದ ಹಳ್ಳಿ. ಪುಸ್ತಕದಲ್ಲಿ ಅದೇ ಕುಂಟ ಎಮ್ಮೆ.

ಆ ಮನೆಯ ಸೊಸೆಯ ಗಂಡ ಕುಡಿದು ಕೈ ಮಾಡುವವನು. ಅವಳ ಕೈಯಲ್ಲಿ ಫೋನಿಲ್ಲ. ವಾರಕ್ಕೊಮ್ಮೆ ಕೊಣನೂರು ಸಂತೆಗೆ ಬಂದಾಗ ಒಂದು ಗಂಟೆ ಒಂದು ಮನೆಯ ಹಿತ್ತಿಲಲ್ಲಿ ಇವರಿಂದ ಹೊಲಿಗೆ ಕಲಿಯುತ್ತಿದ್ದಳು. ಇನ್ನು ನಾಲ್ಕು ತಿಂಗಳು ಕಲಿತರೆ ಕೈಗೆ ಒಂದು ಕಸುಬು. ಆಮೇಲೆ ಏನು ಮಾಡಬೇಕೋ ಅವಳೇ ತೀರ್ಮಾನಿಸುತ್ತಾಳೆ. ಆ ನಾಲ್ಕು ತಿಂಗಳು ಮನೆಯಲ್ಲಿ ಗೊತ್ತಾಗಬಾರದು. ಇಷ್ಟನ್ನೂ ಆಕೆ ನನಗೆ ಬಿಡಿಸಿ ಹೇಳಿದ್ದರು.

"ಎಮ್ಮೆ ಕೊಳ್ಳೋರು ಅಂತ ಓಗಣ ಸಾ. ಅವ್ಳು ನೀರು ತಂದ್ಕೊಡ್ತಾಳೆ, ನೀವು ನೋಡಿ. ಅಷ್ಟೇಯ."

"ಸುಳ್ಳು ಹೇಳಿಕೊಂಡು ನಾನು ಯಾರ ಮನೆಗೂ ಹೋಗುವುದಿಲ್ಲ."

"ಅಂಗಾದ್ರೆ ನಾನಿಲ್ದೆ ಓಗ್ಬೇಡಿ. ಮಾತು ಕೊಡಿ."

ಕೊಟ್ಟೆ. ಮಾತಿಗೆ ತಪ್ಪಲೂ ಇಲ್ಲ. ಆದರೆ ತನಿಖೆಗೆ ಹೋಗುವ ಮುಂಚೆ ತಿಳಿಸಿ ಹೋಗುವುದು ನಾನು ಇಲಾಖೆಯಲ್ಲಿ ಕಲಿತ ಕ್ರಮ. ಹೇಳದೆ ಕೇಳದೆ ಒಂದು ಸಂಸಾರದ ಬಾಗಿಲಿಗೆ ಹೋಗಿ ನಿಲ್ಲುವುದು ಮರ್ಯಾದೆಯಲ್ಲ ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿತು. ಮನೆಯಲ್ಲಿ ಅಂಚೆ ಕಾರ್ಡುಗಳು ಯಾವಾಗಲೂ ಇರುತ್ತವೆ. ಒಂದನ್ನು ತೆಗೆದು ಸೊಸೆಯ ಹೆಸರಿಗೇ ಬರೆದೆ: 'ನಮ್ಮ ಕೇಂದ್ರದಿಂದ ತಮಗೆ ದೊರೆತ ಸಹಾಯದ ಬಗ್ಗೆ ವಿಚಾರಿಸಲು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇವೆ. ದಯವಿಟ್ಟು ಮನೆಯಲ್ಲಿರಿ.' ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ, ಹೊಳೆಯಲಿಲ್ಲ.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಹೋದೆವು. ಅತ್ತೆ ಜಗಲಿಯ ಮೇಲೆ ಕೂತಿದ್ದಳು. ಕೈಯಲ್ಲಿ ಕಾರ್ಡಿತ್ತು. ನನ್ನ ಜೊತೆ ಬಂದಿದ್ದ ಆಕೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಕಾರ್ಡಿನ ಸಂಗತಿ ಆಕೆಗೆ ತಿಳಿದದ್ದು ಆಗಲೇ.

"ಬನ್ನಿ ಬನ್ನಿ, ಬೆಳಗಿಂದ ಕಾಯ್ತಾ ಕುಂತಿವ್ನಿ" ಎಂದಳು ಅತ್ತೆ. "ನಮ್ ಸೊಸೆಗೆ ಅದ್ಯಾವ್ದೋ ಕೇಂದ್ರದೋರು ಸಾಯ ಮಾಡವ್ರಂತಲ್ಲ. ನಮ್ಮನೇಲಿ ಉಣ್ಣಕ್ಕೇನ್ ಕಮ್ಮಿಯಾಗಿತ್ತು? ಬಾರೇ ಈಚೆಗೆ! ಈ ಯಮ್ಮನ್ನ ಕಂಡಿದ್ದೀಯಾ?"

ಸೊಸೆ ಬಾಗಿಲಿಗೆ ಬಂದಳು. ಕೈ ಸೆರಗಿನೊಳಗಿತ್ತು. ಪ್ರತಿ ವಾರ ತನಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರ ಮುಖವನ್ನು ನೇರವಾಗಿ ನೋಡಿ, "ಇಲ್ಲ ಕಣತ್ತೆ. ಯಾರೋ ಏನೋ" ಎಂದಳು.

ಇವರು ಆ ಕ್ಷಣವೇ ನಕ್ಕರು. "ಅಯ್ಯೋ, ಮನೆ ತಪ್ಪಾಯ್ತು ಕಣವ್ವ. ಇದೇ ಎಸ್ರಿನೋರು ಇನ್ನೊಂದೂರಲ್ಲವ್ರೆ. ಮೇಷ್ಟ್ರಿಗೆ ವಯಸ್ಸಾಗದೆ, ವಿಳಾಸ ತಪ್ ಬರ್ದವ್ರೆ. ನಂಗೂ ಸಾಕಾಗೋಗದೆ ಇವ್ರ ಕಟ್ಕಂಡು."

ಜೀವಮಾನದಲ್ಲಿ ವಿಳಾಸ ತಪ್ಪಾಗಿ ಬರೆಯದ ನಾನು ಬಾಯಿ ತೆರೆದೆ. ಆಕೆ ಕೊಡೆಯ ತುದಿಯನ್ನು ನನ್ನ ಕಾಲಿನ ಹೆಬ್ಬೆರಳ ಮೇಲೆ ಊರಿ ನಿಂತರು. ನಾನು ಬಾಯಿ ಮುಚ್ಚಿದೆ. ಹಿತ್ತಿಲ ಕಡೆ ಎಮ್ಮೆಯೊಂದು ಕುಂಟುತ್ತ ನೆರಳಿಗೆ ಹೋಗುತ್ತಿತ್ತು.

ವಾಪಸು ಬರುವಾಗ ರಾಮನಾಥಪುರದ ಕಡೆಯಿಂದ ಬಂದ ಬಸ್ಸು. ಹೊಗೆಸೊಪ್ಪು ಮಾರಿ ಬಂದವರು ತುಂಬಿದ್ದರು; ಬೆಲೆಯ ಮಾತು, ಬೈಗುಳ, ನಗು. ಅರಕಲಗೂಡು ದಾಟಿದ ಮೇಲೆ ಆಕೆ ಒಂದೇ ಮಾತು ಹೇಳಿದರು.

"ನೀವು ಬತ್ತೀವಿ ಅಂತ ಏಳಿ ಓಗೋರು. ನಾನು ಏಳ್ದೆ ಓಗೋಳು. ಅಷ್ಟೇ ಸಾ ವ್ಯತ್ಯಾಸ."

"ಆ ಹುಡುಗಿಗೆ ಈಗ ಏನಾಗುತ್ತದೆ?"

ಕೊಡೆ ಒರೆಸಿದರು. "ನಂಗೊತ್ತಿಲ್ಲ ಸಾ."

ಮುಂದಿನ ಸಂತೆಗೆ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

ನಾನು ವರದಿ ಬರೆದೆ. ಚೆನ್ನಾಗಿಯೇ ಬರೆದೆ. ಮುಖ್ಯರಸ್ತೆ, ಫಲಕ, ಗೋಡೆಯ ಮೇಲಿನ ಪಟ್ಟಿ ಎಲ್ಲ ಹೊಡೆದುಹಾಕಿದೆ. ಇಂಥ ಕೆಲಸದಲ್ಲಿ ಹೆಸರು ಪ್ರಕಟಿಸುವುದು ಸಲ್ಲದು, ಪ್ರತಿ ವರ್ಷ ಹಿಂದಿರುಗಿ ಹೋಗಿ ಕೇಳುವುದೇ ಇಲ್ಲಿನ ಉತ್ತರದಾಯಿತ್ವ, ತಪ್ಪನ್ನು ಬರೆದಿಡುವುದೇ ಇಲ್ಲಿನ ಪಾರದರ್ಶಕತೆ ಎಂದು ವಿವರಿಸಿದೆ. ಕೇಂದ್ರಕ್ಕೆ ನೆರವು ಮುಂದುವರಿಯಿತು. ಅಧ್ಯಕ್ಷರು ಸಭೆ ಕರೆದು ನನಗೆ ಶಾಲು ಹೊದಿಸಿದರು. ಆಕೆ ಕೊನೆಯ ಸಾಲಿನಲ್ಲಿ ಕೂತು ವರದಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಸಭೆ ಮುಗಿದ ಮೇಲೆ ಹತ್ತಿರ ಬಂದರು.

"ಸಾ, ಕಾರ್ಡಿನ್ ವಿಷ್ಯ ಬರೀಲಿಲ್ವಾ?"

"ಅದು ವರದಿಯ ವ್ಯಾಪ್ತಿಗೆ ಬರುವುದಿಲ್ಲಮ್ಮ" ಎಂದೆ.

"ಆಯ್ತು ಸಾ."

ಇನ್ನೊಮ್ಮೆ ಕೇಳಲಿಲ್ಲ. ಶಾಲು ನನ್ನ ಹೆಗಲ ಮೇಲೇ ಇತ್ತು.

ಅಂದಿನಿಂದ ತಿಂಗಳ ಮೊದಲ ಶನಿವಾರ ನಾನು ಹೊಳೆನರಸೀಪುರಕ್ಕೆ ಹೋಗುವುದು ರೂಢಿಯಾಯಿತು. ಯಾರೂ ಹೇಳಿರಲಿಲ್ಲ. ಪುಸ್ತಕಕ್ಕೆ ಗೆರೆ ಹಾಕಿಕೊಡುತ್ತಿದ್ದೆ. ಆಕೆ ಗಿರಣಿಯವನಿಂದ ಚಹಾ ತರಿಸುತ್ತಿದ್ದರು. ಯಾರಾದರೂ ರಾಗಿ ಡಬ್ಬ ಹಿಡಿದು ಮೆಟ್ಟಿಲು ಹತ್ತಿದ ಸದ್ದಾದರೆ ನಾನು ಎದ್ದು ಹಿಂದಿನ ಬಾಲ್ಕನಿಗೆ ಹೋಗಿ ಗೋಡೆ ನೋಡಿಕೊಂಡು ನಿಲ್ಲುತ್ತಿದ್ದೆ. ಆಕೆಯೂ ಒಬ್ಬರೇ, ನಾನೂ ಒಬ್ಬನೇ. ಅದರ ಬಗ್ಗೆ ನಾವು ಎಂದೂ ಮಾತಾಡಲಿಲ್ಲ. ಒಮ್ಮೆ ಗೆರೆ ಹಾಕುವಾಗ ಕುಂಟ ಎಮ್ಮೆಯ ಪುಟ ಬಂತು. ಆ ವರ್ಷದ ಸಾಲಿನಲ್ಲಿ ಕೆಂಪು ಶಾಯಿ: 'ಕಾರ್ಡು ಹೋಯಿತು. ಸಂತೆ ನಿಂತಿತು. ವಿಳಾಸ ಕೊಟ್ಟದ್ದು ನಾನು. ನನ್ನ ತಪ್ಪು.'

ನನ್ನ ಪ್ರಸ್ತಾಪವೇ ಇರಲಿಲ್ಲ. ಕಾರ್ಡು ತನ್ನಷ್ಟಕ್ಕೆ ತಾನೇ ಹೋದ ಹಾಗೆ ಬರೆದಿದ್ದರು. ಅಲ್ಲೇ ಕೆಂಪು ಪೆನ್ನೂ ಇತ್ತು. ನಾನು ಗೆರೆ ಎಳೆದು ಪುಟ ತಿರುಗಿಸಿದೆ.

ಕೆಲವು ವರ್ಷಗಳ ಮೇಲೆ ಆ ದೂರದ ಸಂಸ್ಥೆಯೇ ತನ್ನ ಕೆಲಸ ನಿಲ್ಲಿಸಿತು, ಕೇಂದ್ರವೂ ನಿಂತಿತು. ಆಕೆ ಹೊಲಿಗೆ ಯಂತ್ರವನ್ನು ತಮ್ಮ ಮನೆಗೆ ಸಾಗಿಸಿ ರವಿಕೆ ಹೊಲಿಯುತ್ತ ಬದುಕಿದರು. ವರ್ಷಕ್ಕೊಮ್ಮೆ ಊರೂರು ಸುತ್ತುವುದನ್ನು ಮಾತ್ರ ಬಿಡಲಿಲ್ಲ. ಸಂಬಳ ನಿಂತ ಮೇಲೆ ಯಾಕಮ್ಮ ಎಂದರೆ, "ಕೇಳಕ್ಕೆ ಸಂಬಳ ಯಾಕೆ ಸಾ" ಎಂದರು.

ತೀರಿಕೊಂಡ ಸುದ್ದಿಯನ್ನು ಅವರ ತಮ್ಮನ ಮಗಳು ಫೋನಿನಲ್ಲಿ ಹೇಳಿದಳು. ಬೆಳಗಿನ ಮೊದಲ ಬಸ್ಸಿಗೆ ಹೋದೆ. ಮನೆಯ ಮುಂದೆ ಹತ್ತು ಹನ್ನೆರಡು ಜನ. ಅಧ್ಯಕ್ಷರು ಒಂದು ದೊಡ್ಡ ಹಾರ ಕಳಿಸಿದ್ದರು. ಇಷ್ಟು ವರ್ಷ, ಇಷ್ಟು ಊರು ಸುತ್ತಿದ ಹೆಂಗಸಿಗೆ ಇಷ್ಟೇ ಜನವೇ ಎಂದು ಪಕ್ಕದ ಮನೆಯವರು ಮಾತಾಡಿಕೊಂಡರು. ಬರಬೇಕಾದವರು ಬಂದರೆ, ಈಕೆ ನಿನಗೆ ಹೇಗೆ ಗೊತ್ತು ಎನ್ನುವ ಪ್ರಶ್ನೆಗೆ ಅವರು ಮನೆಗೆ ಹೋಗಿ ಉತ್ತರ ಕೊಡಬೇಕಾಗುತ್ತದೆ.

"ಅತ್ತೆ ಆ ಬುಕ್ಕನ್ನ ಹೋದ್ ತಿಂಗ್ಳೇ ಹಂಡೆ ಒಲೆಗೆ ಹಾಕುದ್ರು ಸಾ" ಎಂದಳು ತಮ್ಮನ ಮಗಳು. "ಒಂದೊಂದೇ ಹಾಳೆ ಕಿತ್ತು ಹಾಕ್ತಾ ಕುಂತಿದ್ರು. ಆ ನೀರಲ್ಲೇ ಸ್ನಾನ ಮಾಡುದ್ರು."

ಹತ್ತು ಗಂಟೆಗೆ ಎತ್ತಿದರು. ಎಲ್ಲ ಮುಗಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಾಗ ಹನ್ನೆರಡೂ ಕಾಲು. ಹಾಸನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಟ್ಟೆಯ ಮೇಲೆ ಕೂತೆ. ಅಲ್ಲಿ ಕೆಲವು ಹೆಂಗಸರು ನಿಂತಿದ್ದರು. ಒಬ್ಬರಿಗೊಬ್ಬರು ದೂರ ದೂರ, ಪರಿಚಯವಿಲ್ಲದವರ ಹಾಗೆ. ಅರಕಲಗೂಡಿನ ಬಸ್ಸು ಬಂದು ಹೋಯಿತು, ಚನ್ನರಾಯಪಟ್ಟಣದ ಬಸ್ಸು ಬಂದು ಹೋಯಿತು, ಅವರು ಹತ್ತಲಿಲ್ಲ. ಎಲ್ಲರ ಕೈಯಲ್ಲೂ ಸಂತೆಯ ಚೀಲ, ಚೀಲಗಳೆಲ್ಲ ಖಾಲಿ. ಅವರನ್ನು ಎಣಿಸಬೇಕೆನಿಸಿತು. ಹಾಜರಿ ತೆಗೆದುಕೊಂಡು ಬದುಕಿದ ಮನುಷ್ಯ ನಾನು. ಎಣಿಸಲಿಲ್ಲ. ಎದ್ದು ನಿಂತು ಬಸ್ಸಿನ ಬೋರ್ಡುಗಳ ಕಡೆ ಮುಖ ಮಾಡಿದೆ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಒಂದು ದನಿ.

"ಸಾ, ಕೊಣನೂರ್ ಬಸ್ ಎಷ್ಟೊತ್ಗೆ?"

ತಿರುಗಿ ನೋಡಲಿಲ್ಲ. "ಹನ್ನೆರಡೂ ಮುಕ್ಕಾಲಿಗಮ್ಮ."

"ಆಗ್ಲೇ ಎತ್ಕಂಡೋದ್ರಾ?"

"ಹೂಂ. ಹತ್ತು ಗಂಟೆಗೆ."

"ಕಣ್ ತೋರಿಸ್ಕಂಡ್ ಬತ್ತೀನಿ ಅಂತ ಮನೇಲಿ ಏಳಿ ಬಂದೆ. ಬಸ್ ತಡ ಆಗೋಯ್ತು." ಖಾಲಿ ಚೀಲ ಮಡಿಸುವ ಸದ್ದಾಯಿತು. "ಸಂತೆ ಬಿಡಿಸ್ಬುಟ್ರು ನೋಡಿ ಸಾ, ಆಗ್ಲೂವೆ ಅಮ್ಮ ವರ್ಸುಕ್ಕೊಂದ್ ದಪ ನಮ್ ಬಾಗ್ಲ ಮುಂದೆ ಓಗೋರು. ಮಾತಾಡ್ತಿರ್ಲಿಲ್ಲ. ಕೊಡೆ ಇಡ್ಕಂಡು ಅಂಗೇ ನಡ್ಕಂಡೋಗೋರು. ನಾನು ಕಸ ಗುಡುಸ್ತಾ ನಿಂತಿರೋಳು."

ಬೋರ್ಡಿನ ಅಕ್ಷರಗಳನ್ನು ನಾನು ಓದುತ್ತಲೇ ಇದ್ದೆ. ವರದಿಯಲ್ಲಿ ಬರೆಯದ್ದನ್ನು, ಕೆಂಪು ಪೆನ್ನು ಕೈಯಲ್ಲಿದ್ದಾಗಲೂ ಬರೆಯದ್ದನ್ನು ಆ ಬೋರ್ಡಿಗೆ ಹೇಳುವಂತೆ ಹೇಳಿದೆ.

"ಆ ಕಾರ್ಡು ಬರೆದದ್ದು ನಾನಮ್ಮ. ಅವರಿಗೆ ಗೊತ್ತಿರಲಿಲ್ಲ."

"ಗೊತ್ತು ಸಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಷರ ಬೋ ದುಂಡುಗಿದ್ವು. ನಮ್ಮತ್ತೆ ಎರಡ್ನೇ ಕ್ಲಾಸು. ಅವ್ರಿಗೂ ಓದಕ್ ಬಂತು."

ಕೊಣನೂರಿನ ಬಸ್ಸು ಬಂತು. ಅವಳು ಹತ್ತಿದ ಸದ್ದು ಕೇಳಿಸಿತು. ಯಾವ ಕಿಟಕಿಯಲ್ಲಿ ಕೂತಳೋ ತಿಳಿಯದು. ಬಸ್ಸು ತಿರುವು ದಾಟುವವರೆಗೆ ನಾನು ಬೋರ್ಡು ನೋಡುತ್ತಲೇ ನಿಂತಿದ್ದೆ.